ಒರೆಸಿ ಹಾಕಬೇಕಿದ್ದ ಪದರ

ಕಂಪ್ಯೂಟರ್ ಚಿಪ್ ಕಂಡುಹಿಡಿದವರು ಯಾರು ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಜಾಕ್ ಕಿಲ್ಬಿ, ಇಲ್ಲವೇ ರಾಬರ್ಟ್ ನಾಯ್ಸ್. ಕ್ವಿಜ್ ಆದರೆ ಎರಡಕ್ಕೂ ಅಂಕ ಕೊಡಬೇಕು. ಆದರೆ ಈ ಸಲ ನಾನು ಬರೆಯಹೊರಟಿದ್ದು ಜೀನ್ ಹೋರ್ನಿ ಎಂಬ ಮೂರನೆಯವರ ಬಗ್ಗೆ. ಸ್ವಿಟ್ಜರ್ಲೆಂಡಿನ ಮನುಷ್ಯ, ಜಿನೀವಾ ಮತ್ತು ಕೇಂಬ್ರಿಜ್‌ಗಳಿಂದ ಎರಡು ಡಾಕ್ಟರೇಟ್ ಪಡೆದವರು, ಬೆಟ್ಟ ಹತ್ತುವ ಹುಚ್ಚು ಬೇರೆ. ಚಿಪ್ಪನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡುವ ದಾರಿ ತೆರೆದಿದ್ದು ಇವರು ಅಂತ ನನ್ನ ಲೆಕ್ಕ.

ಸ್ವಲ್ಪ ಹಿಂದಕ್ಕೆ ಹೋಗೋಣ. 1947ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಜರ್ಮೇನಿಯಂ (ಸಿಲಿಕಾನ್‌ನಂಥದೇ ಅರೆವಾಹಕ) ತುಂಡಿನ ಮೇಲೆ ಚಿನ್ನದ ತಗಡನ್ನು ಒತ್ತಿಟ್ಟು ಮೊದಲ ಟ್ರಾನ್ಸಿಸ್ಟರ್ ಮಾಡಿದರು, ಅಂದರೆ ವಿದ್ಯುತ್ತನ್ನು ಹಿಗ್ಗಿಸುವ, ಹಾಯಿಸುವ, ತಡೆಯುವ ಪುಟ್ಟ ಸ್ವಿಚ್. ಅವರ ಮುಖ್ಯಸ್ಥ ವಿಲಿಯಂ ಶಾಕ್ಲಿಗೆ ಇದರಲ್ಲಿ ತನ್ನ ಕೈ ಇಲ್ಲವಲ್ಲ ಅನ್ನೋ ಉರಿ. ಆ ಉರಿಯಲ್ಲೇ ಕೆಲವು ವಾರಗಳಲ್ಲಿ ಕೂತು ಇನ್ನೂ ಉತ್ತಮವಾದ ಜಂಕ್ಷನ್ ಟ್ರಾನ್ಸಿಸ್ಟರ್‌ನ (ಬೇರೆ ಬೇರೆ ಬೆರಕೆಯ ಭಾಗಗಳು ಕೂಡುವ ಗಡಿಯೇ ಜಂಕ್ಷನ್) ಲೆಕ್ಕಾಚಾರ ಮುಗಿಸಿದರು! 1956ರಲ್ಲಿ ಮೂವರಿಗೂ ನೊಬೆಲ್ ಬಂತು. ಅದೇ ವರ್ಷ ಶಾಕ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ತಮ್ಮದೇ ಪ್ರಯೋಗಾಲಯ ತೆರೆದು ದೇಶದ ಬುದ್ಧಿವಂತ ಹುಡುಗರನ್ನೆಲ್ಲ ಸೇರಿಸಿಕೊಂಡರು. ಆರಿಸುವುದರಲ್ಲಿ ಜಾಣ, ಜೊತೆಗಿಟ್ಟುಕೊಳ್ಳುವುದರಲ್ಲಿ ಸೊನ್ನೆ. 1957ರಲ್ಲಿ ಎಂಟು ಜನ ಒಟ್ಟಿಗೆ ಎದ್ದು ಹೊರಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್, ಗಾರ್ಡನ್ ಮೂರ್, ಜೇ ಲಾಸ್ಟ್, ನಮ್ಮ ಹೋರ್ನಿ ಎಲ್ಲರೂ ಆ ಎಂಟರಲ್ಲೇ ಇದ್ದವರು.

ಆಗಿನ ಒಳ್ಳೆಯ ಟ್ರಾನ್ಸಿಸ್ಟರ್ ಅಂದರೆ ಮೀಸಾ ಟ್ರಾನ್ಸಿಸ್ಟರ್. ಸಿಲಿಕಾನ್ ಮೇಲೆ ಸಣ್ಣ ದಿಬ್ಬದ ಹಾಗೆ ಎದ್ದು ನಿಂತಿರುತ್ತಿತ್ತು, ಅದರ ಪಕ್ಕಗಳಲ್ಲಿ ಜಂಕ್ಷನ್ ಬರಿಮೈಯಲ್ಲಿ ತೆರೆದುಕೊಂಡಿರುತ್ತಿತ್ತು. ಟ್ರಾನ್ಸಿಸ್ಟರ್ ಕೂರಿಸಿದ ಡಬ್ಬಿಯೊಳಗೆ ಎಲ್ಲೋ ಉಳಿದ ಒಂದು ಲೋಹದ ಚೂರು ಹಾರಿ ಬಂದು ಅಲ್ಲಿ ಕೂತರೆ ಮುಗಿಯಿತು, ಶಾರ್ಟ್. ಫೇರ್‌ಚೈಲ್ಡ್‌ನಲ್ಲಿ ಇದಕ್ಕೆ ಮಾಡುತ್ತಿದ್ದ ಪರೀಕ್ಷೆ ಏನು ಗೊತ್ತಾ? ಪೆನ್ಸಿಲ್ ಹಿಂಬದಿಯ ರಬ್ಬರಿನಿಂದ ಡಬ್ಬಿಯನ್ನು ಟಕಟಕ ತಟ್ಟುವುದು. ತಟ್ಟಿದಾಗ ಸತ್ತರೆ ಕೆಟ್ಟ ಮಾಲು. ಕೊಳ್ಳುತ್ತಿದ್ದವರು ಕ್ಷಿಪಣಿ ಕಂಪ್ಯೂಟರ್ ಮಾಡುವವರು, ಅವರಿಗೆ ಇಂಥ ಮಾಲು ಹೇಗೆ ಒಪ್ಪಿಗೆಯಾದೀತು?

ಪರಿಹಾರ ಕಣ್ಣೆದುರೇ ಇತ್ತು. 1955ರಲ್ಲಿ ಬೆಲ್ ಲ್ಯಾಬ್ಸ್‌ನ ಕಾರ್ಲ್ ಫ್ರಾಷ್ ಮತ್ತು ಲಿಂಕನ್ ಡೆರಿಕ್ ಕುಲುಮೆಯಲ್ಲಿ ಸಿಲಿಕಾನ್ ಬಿಸಿಮಾಡುತ್ತಿದ್ದಾಗ ಅಚಾನಕ್ಕಾಗಿ ಅದರ ಮೇಲೆ ಗಾಜಿನಂಥ ಪದರವೊಂದು ಕೂತುಬಿಟ್ಟಿತು. ಸಿಲಿಕಾನ್ ಡೈಆಕ್ಸೈಡ್. ನೋಡಿದರೆ ಈ ಪದರ ಇದ್ದ ಕಡೆ ಬೆರಕೆ ವಸ್ತುಗಳು (ಸಿಲಿಕಾನ್‌ನ ವಿದ್ಯುತ್ ಗುಣ ಬದಲಿಸಲು ಬೇಕೆಂದೇ ಸೇರಿಸುವವು) ಒಳಗೆ ಇಳಿಯುವುದಿಲ್ಲ, ಕಿಟಕಿ ಕೊರೆದ ಕಡೆ ಮಾತ್ರ ಇಳಿಯುತ್ತವೆ. ಹಾಗಾದರೆ ಎಲ್ಲಿ ಬೇಕೋ ಅಲ್ಲಿಗಷ್ಟೇ ಬೆರಕೆ ಹಾಕಬಹುದಲ್ವಾ? ಅಲ್ಲಿಗೆ ಎಲ್ಲರೂ ಅದನ್ನು ಮರೆಮಾಡುವ ಪರದೆಯ ಹಾಗೆ ಬಳಸತೊಡಗಿದರು, ಕೆಲಸ ಆದಮೇಲೆ ಆಸಿಡ್ ಹಾಕಿ ತೊಳೆದು ತೆಗೆದುಬಿಡುತ್ತಿದ್ದರು. ಕೊಳೆ ಹಿಡಿದ ಪದರ, ಇಟ್ಟುಕೊಂಡು ಏನು ಮಾಡೋದು ಅಂತ.

ಹೋರ್ನಿ ಹೇಳಿದ್ದು ಇಷ್ಟೇ: ತೊಳೆಯಬೇಡಿ, ಅಲ್ಲೇ ಬಿಡಿ. ಜಂಕ್ಷನ್‌ನ ಅಂಚು ಆ ಪದರದ ಕೆಳಗೇ ಮೇಲ್ಮೈಗೆ ಬರುವ ಹಾಗೆ ಮಾಡಿದರೆ ಅದು ಹುಟ್ಟಿದಾಗಿನಿಂದಲೂ ಮುಚ್ಚಿಕೊಂಡೇ ಇರುತ್ತದೆ, ದಿಬ್ಬವೂ ಬೇಡ, ಎಲ್ಲ ಸಪಾಟು. 1957ರ ಡಿಸೆಂಬರ್‌ನಲ್ಲೇ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಕಂಪನಿ ಮೀಸಾ ಮಾಲನ್ನು ಮಾರುಕಟ್ಟೆಗೆ ತರುವ ಗಡಿಬಿಡಿಯಲ್ಲಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1959ರಲ್ಲಿ ಅವರೇ ಮಾಡಿ ತೋರಿಸಿದರು. ಸಹೋದ್ಯೋಗಿಗಳ ಎದುರು ಟ್ರಾನ್ಸಿಸ್ಟರ್ ಮೇಲೆ ಉಗಿದು, ನೋಡಿ ಇನ್ನೂ ಕೆಲಸ ಮಾಡ್ತಿದೆ ಅಂತ ತೋರಿಸಿದರು ಎಂದೂ ಹೇಳುತ್ತಾರೆ. ಇದೇ ಪ್ಲೇನಾರ್, ಅಂದರೆ ಸಪಾಟಾದ, ವಿಧಾನ.

ಈಗ ಕಿಲ್ಬಿ, ನಾಯ್ಸ್ ಕಥೆ ನೋಡಿ. ಕಿಲ್ಬಿ 1958ರ ಬೇಸಿಗೆಯಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಕಂಪನಿಗೆ ಹೊಸಬರು, ರಜೆ ತೆಗೆದುಕೊಳ್ಳುವ ಹಕ್ಕು ಇನ್ನೂ ಬಂದಿರಲಿಲ್ಲ. ಎಲ್ಲರೂ ರಜೆಗೆ ಹೋದಾಗ ಒಬ್ಬರೇ ಕೂತು ಯೋಚಿಸಿ, ಸೆಪ್ಟೆಂಬರ್ 12ರಂದು ಒಂದೇ ಜರ್ಮೇನಿಯಂ ತುಂಡಿನಲ್ಲಿ ಇಡೀ ಸರ್ಕ್ಯೂಟ್ ಓಡಿಸಿ ತೋರಿಸಿದರು. ದೊಡ್ಡ ಮಾತು, ಅನುಮಾನವಿಲ್ಲ. ಆದರೆ ಭಾಗಗಳನ್ನು ಜೋಡಿಸಿದ್ದು ಮೇಲಿಂದ ಹಾಯಿಸಿದ ಚಿನ್ನದ ತಂತಿಗಳಿಂದ, ಅದೂ ಕೈಯಲ್ಲಿ. ಹತ್ತು ಭಾಗಕ್ಕೆ ಸರಿ, ಹತ್ತು ಸಾವಿರಕ್ಕೆ? 1959ರ ಜನವರಿಯಲ್ಲಿ ನಾಯ್ಸ್‌ಗೆ ಹೊಳೆದದ್ದು ಹೋರ್ನಿಯ ಪದರದ ಮೇಲೇ ನಿಂತ ಯೋಚನೆ. ಪದರ ವಿದ್ಯುತ್ತನ್ನು ತಡೆಯುತ್ತದೆ ತಾನೇ, ಅದರ ಮೇಲೇ ಅಲ್ಯೂಮಿನಿಯಂ ಗೆರೆ ಎಳೆದರೆ ಆಯ್ತಲ್ಲ, ತಂತಿ ಯಾಕೆ ಬೇಕು! 2000ದಲ್ಲಿ ಕಿಲ್ಬಿಗೆ ನೊಬೆಲ್ ಬಂದಾಗ ನಾಯ್ಸ್ ಇರಲಿಲ್ಲ, 1990ರಲ್ಲೇ ತೀರಿಕೊಂಡಿದ್ದರು. ಹೋರ್ನಿ 1997ರಲ್ಲಿ.

ನಾಯ್ಸ್‌ರ ಆ ಯೋಚನೆಯನ್ನು ಕಾಗದದಿಂದ ಸಿಲಿಕಾನ್‌ಗೆ ಇಳಿಸಿದ್ದು ಜೇ ಲಾಸ್ಟ್ ತಂಡ, 1960ರಲ್ಲಿ. ಅದಕ್ಕೂ ಮೊದಲು ಸರ್ಕ್ಯೂಟ್‌ನ ಚಿತ್ರವನ್ನು ಚಿಕ್ಕದು ಮಾಡಿ ಸಿಲಿಕಾನ್ ಮೇಲೆ ಬೀಳಿಸಲು ಲಾಸ್ಟ್ ಮತ್ತು ನಾಯ್ಸ್ ಸಿನಿಮಾ ಕ್ಯಾಮೆರಾದ ಲೆನ್ಸುಗಳನ್ನು ಅಂಗಡಿಯಿಂದ ಕೊಂಡು ತಂದು ಉಪಕರಣ ಜೋಡಿಸಿದ್ದರು. ಇದೇ ಕೆಲಸಕ್ಕೆ ಇವತ್ತಿನ ಅತ್ಯಾಧುನಿಕ ಯಂತ್ರ ತವರದ ಹನಿಗಳನ್ನು ಸೆಕೆಂಡಿಗೆ 50,000 ಸಲ ಲೇಸರ್‌ನಿಂದ ಹೊಡೆದು 13.5 ನ್ಯಾನೋಮೀಟರ್ ಅಲೆಯ ಬೆಳಕು ಹುಟ್ಟಿಸುತ್ತದೆ. ಅದನ್ನು ಮಾಡಿಕೊಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಕೆಲಸ ಮಾತ್ರ ಅದೇ: ಬೆಳಕಿನಿಂದ ಚಿತ್ರ ಬೀಳಿಸುವುದು.

ಅಂದಹಾಗೆ ಲಾಸ್ಟ್ ತಂಡಕ್ಕೆ ಕಂಪನಿಯೊಳಗೆ ಸಿಕ್ಕ ಪ್ರತಿಫಲ, ದುಡ್ಡು ದಂಡ ಮಾಡ್ತಿದ್ದೀರಿ ಅನ್ನೋ ಮಾತು. 1961ರಲ್ಲಿ ಲಾಸ್ಟ್, ಹೋರ್ನಿ ಇಬ್ಬರೂ ಬಿಟ್ಟು ಹೋದರು. ಶಾಕ್ಲಿಯನ್ನು ಬಿಟ್ಟು ಬಂದವರ ಕಂಪನಿಯಲ್ಲೂ ಅದೇ ಕಥೆ ನೋಡಿ.

ಚಿಪ್ ತಯಾರಿಸುವ ವಿದ್ಯೆಯನ್ನೇ ನಂಬಿ ಗೆದ್ದವರು ಮಾರಿಸ್ ಚಾಂಗ್. 1958ರಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಸೇರಿದಾಗ ಅವರಿಗೆ ಒಪ್ಪಿಸಿದ ತಯಾರಿಕೆಯ ಸಾಲಿನಲ್ಲಿ ಕೆಲಸಕ್ಕೆ ಬರುವ ಟ್ರಾನ್ಸಿಸ್ಟರ್ ಹೊರಬರುತ್ತಿದ್ದದ್ದೇ ಅಪರೂಪ. ಬಿಸಿ, ಒತ್ತಡಗಳನ್ನು ಸುಮ್ನೆ ಊಹೆಯಲ್ಲಿ ಬದಲಿಸದೆ ಒಂದೊಂದಾಗಿ ಬದಲಿಸಿ ಬರೆದಿಟ್ಟು ಕೆಲವೇ ತಿಂಗಳಲ್ಲಿ ಒಳ್ಳೆಯ ಮಾಲಿನ ಪ್ರಮಾಣವನ್ನು ನೂರಕ್ಕೆ ಇಪ್ಪತ್ತರ ಮೇಲೆ ಏರಿಸಿದರು. 1987ರಲ್ಲಿ, ಬೇರೆಯವರೆಲ್ಲ ನಿವೃತ್ತಿಯ ಬಗ್ಗೆ ಯೋಚಿಸುವ ವಯಸ್ಸಿನಲ್ಲಿ, ತೈವಾನ್‌ನಲ್ಲಿ ಟಿಎಸ್‌ಎಂಸಿ ಶುರುಮಾಡಿದರು. ಸ್ವಂತ ಚಿಪ್ ವಿನ್ಯಾಸ ಮಾಡುವುದೇ ಇಲ್ಲ, ಬೇರೆಯವರದ್ದನ್ನು ತಯಾರಿಸಿಕೊಡುತ್ತೇವೆ ಅಷ್ಟೇ ಅಂತ. ಆಗ ನಕ್ಕವರೇ ಜಾಸ್ತಿ.

ನಡುವೆ ಬಿಟ್ಟುಹೋದವರು ಬೇಕಾದಷ್ಟಿದ್ದಾರೆ. ಇವತ್ತಿನ ಚಿಪ್‌ಗಳಲ್ಲೆಲ್ಲ ತುಂಬಿರುವ ಮಾಸ್ (ಲೋಹ, ಆಕ್ಸೈಡ್, ಸಿಲಿಕಾನ್ ಪದರಗಳ) ಟ್ರಾನ್ಸಿಸ್ಟರ್ ಮಾಡಿದ ಮೊಹಮ್ಮದ್ ಅಟಾಲಾ ಮತ್ತು ಡಾವನ್ ಕಾಂಗ್, 1971ರ ಇಂಟೆಲ್ 4004 ಪ್ರೊಸೆಸರ್‌ನ 2,300 ಟ್ರಾನ್ಸಿಸ್ಟರ್‌ಗಳ ನಕ್ಷೆಯ ಮೂಲೆಯಲ್ಲಿ ತಮ್ಮ ಇನಿಷಿಯಲ್ಸ್ ಕೆತ್ತಿಟ್ಟ ಫೆಡೆರಿಕೊ ಫಾಜಿನ್, ಐಬಿಎಂ 1968ರಲ್ಲಿ ಕೆಲಸದಿಂದ ತೆಗೆದು 2020ರಲ್ಲಿ ಕ್ಷಮೆ ಕೇಳಿದ ಚಿಪ್ ವಿನ್ಯಾಸಗಾರ್ತಿ ಲಿನ್ ಕಾನ್ವೇ. ಒಬ್ಬೊಬ್ಬರದ್ದೂ ಒಂದೊಂದು ಸಂಚಿಕೆಯ ಸರಕು.

ನಮ್ಮ ಸಂಘದ ಸದಸ್ಯರಲ್ಲಿ ಫ್ಯಾಬ್ (ಚಿಪ್ ಕಾರ್ಖಾನೆ) ಒಳಗೆ ಬಿಳಿ ಉಡುಪು ಹಾಕಿಕೊಂಡು ಕೆಲಸ ಮಾಡಿದವರಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಕಂಪನಿಯ ಗುಟ್ಟು ಬೇಡ, ಎಷ್ಟು ವೇಫರ್ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ಹಾಳಾದವು ಅನ್ನೋ ಕಥೆ ಸಾಕು.