ನಮ್ಮ ಸೈಟ್ ಯಾಕೆ ಬದಲಾಯಿತು, ನಿಮ್ಮ 10 ರೂಪಾಯಿ ಎಲ್ಲಿಗೆ ಹೋಯಿತು

ಪ್ರೀತಿಯ ಗ್ರಾಹಕರಿಗೆ ಡೊಂಬಿವಲಿಯ ಹಪ್ಪಳದ ಮನೆಯಿಂದ ನಮಸ್ಕಾರ.

ಹೋದ ವಾರ ನಮ್ಮ ಸೈಟ್ ತೆರೆದವರು ಗಮನಿಸಿರುತ್ತೀರಿ. ಸರಿಯುತ್ತಿದ್ದ ದೊಡ್ಡ ಚಿತ್ರಗಳು ಈಗ ಇಲ್ಲ. ಬಂದ ಕೂಡಲೇ ಎದುರಿಗೆ ನಿಲ್ಲುತ್ತಿದ್ದ ರಿಯಾಯಿತಿ ಚೀಟಿಯೂ ಇಲ್ಲ. ಡೆಲಿವರಿಗೆ 10 ರೂಪಾಯಿ ಜಾಸ್ತಿ ಆಗಿದೆ. ಮೊದಲೇ ತಿಳಿಸದೆ ಹೀಗೆ ಮಾಡಿದ್ದು ನಮ್ಮ ತಪ್ಪು. ಕ್ಷಮಿಸಿ.

ಆದರೆ ಫೋನಿನಲ್ಲಿ, ಅಂಗಡಿಯಲ್ಲಿ, ಲೋಕಲ್ ರೈಲಿನಲ್ಲಿ ಸಿಕ್ಕಾಗ ಕೂಡ ಒಂದೇ ಮಾತು ಕೇಳುತ್ತಿದ್ದೇವೆ: "ಕಣ್ಣು ಕಾಣದ ನಾಲ್ಕು ಜನರಿಗೋಸ್ಕರ ಸೈಟ್ ಬೋಳು ಮಾಡಿದ್ರಿ, ಖರ್ಚು ನಮ್ಮ ತಲೆಗೆ ಕಟ್ಟಿದ್ರಿ." ಈ ಮಾತು ನಮಗೆ ತುಂಬಾ ನೋವು ಕೊಟ್ಟಿದೆ.

ಮೊದಲು ದುಡ್ಡಿನ ವಿಷಯ. ಆ 10 ರೂಪಾಯಿಗೂ ಸೈಟ್‌ಗೂ ಸಂಬಂಧವೇ ಇಲ್ಲ. ಹಪ್ಪಳ ಹಗುರ, ಆದರೆ ಮುರಿಯಬಾರದು ಅಂತ ದೊಡ್ಡ ಬಾಕ್ಸ್‌ನಲ್ಲಿ ಇಡುತ್ತೇವೆ. ಕೊರಿಯರ್‌ನವರು ಬಾಕ್ಸ್‌ನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ನಮ್ಮ 30, 25, 20ರ ಬಾಕ್ಸ್ ಅವರ ಲೆಕ್ಕದಲ್ಲಿ 3 ಕೆಜಿ. ಒಳಗಿರುವ ಹಪ್ಪಳ ಒಂದು ಕೆಜಿ ಕೂಡ ಇರುವುದಿಲ್ಲ! ಮೊದಲು ತಕ್ಕಡಿಯ ತೂಕಕ್ಕೆ ದುಡ್ಡು ತೆಗೆದುಕೊಳ್ಳುತ್ತಿದ್ದರು, ಈಗ ಬಾಕ್ಸ್ ಅಳೆಯುತ್ತಾರೆ. ಸೈಟ್‌ನ ಖರ್ಚನ್ನು ಸದಸ್ಯೆಯರು ನಮ್ಮ ದೀಪಾವಳಿ ಪಾಲಿನಿಂದ ಕೊಟ್ಟಿದ್ದೇವೆ. ಒಬ್ಬರೂ ಬೇಡ ಅನ್ನಲಿಲ್ಲ.

ಇನ್ನು ಆ "ನಾಲ್ಕು ಜನ"ರ ವಿಷಯ.

ಥಾಣೆಯಲ್ಲಿ ನಮ್ಮ ಹಳೆಯ ಗ್ರಾಹಕರೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ನಾವು ಫೋನ್ ಆರ್ಡರ್ ನಿಲ್ಲಿಸಿದ ಮೇಲೆ ಅವರ ಆರ್ಡರ್ ಬರಲೇ ಇಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆವು. ಯಾರೂ ವಿಚಾರಿಸಲಿಲ್ಲ. ಮೇ ತಿಂಗಳಲ್ಲಿ ಅವರೇ ಲ್ಯಾಪ್‌ಟಾಪ್ ಹಿಡಿದು ಬಂದರು. ಮಾವಿನಕಾಯಿ ಹೆಚ್ಚುತ್ತಿದ್ದವರೆಲ್ಲ ಕೈ ಒರೆಸಿಕೊಂಡು ಸುತ್ತ ನಿಂತೆವು.

ಮೇಷ್ಟ್ರು ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಬಳಸುತ್ತಾರೆ. ತೆರೆಯ ಮೇಲೆ ಇರುವುದನ್ನು ಅದು ಓದಿ ಹೇಳುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಶುರು ಮಾಡಿದ್ದು, ಈಗಲೂ ಉಚಿತ. ಮೇಷ್ಟ್ರು ಮೌಸ್ ಮುಟ್ಟಲಿಲ್ಲ, ಟ್ಯಾಬ್ ಕೀ ಒತ್ತುತ್ತಾ ಹೋದರು. ನಮ್ಮ ರಿಯಾಯಿತಿ ಚೀಟಿಯೊಳಗೇ ಸುತ್ತು ಹಾಕಿದರು. ಎಸ್ಕೇಪ್ ಒತ್ತಿದರೂ ಅದು ಮುಚ್ಚಲಿಲ್ಲ. ಕೊನೆಗೆ ನಮ್ಮವರೊಬ್ಬರು ಮೌಸ್‌ನಿಂದ ಮುಚ್ಚಿದರು. ಮುಂದೆ ಹೋದರೆ ಹಪ್ಪಳದ ಹೆಸರಿನ ಬದಲು ಅದು ಯಾವುದೋ ಅಂಕಿಗಳನ್ನು ಓದಿತು. ಹೆಸರನ್ನು ನಾವು ಚಿತ್ರದೊಳಗೆ ಬರೆದಿದ್ದೆವು, ಅಕ್ಷರದಲ್ಲಿ ಕೊಟ್ಟಿರಲಿಲ್ಲ. "ಚೀಲಕ್ಕೆ ಹಾಕಿ" ಅನ್ನುವುದು ಬಟನ್ನೇ ಆಗಿರಲಿಲ್ಲ, ಮೌಸ್‌ಗೆ ಮಾತ್ರ ಸಿಗುವ ಬಣ್ಣದ ಚೌಕ. ಟ್ಯಾಬ್ ಅದನ್ನು ದಾಟಿ ಹೋಗುತ್ತಿತ್ತು. "ಹಪ್ಪಳ ಇಲ್ಲೇ ಇದೆ ಅಂತ ಗೊತ್ತು, ಕೈಗೆ ಸಿಗ್ತಾ ಇಲ್ಲ ನೋಡಿ," ಅಂದರು ಮೇಷ್ಟ್ರು. ನಮಗೆ ತಲೆ ಎತ್ತಲು ಆಗಲಿಲ್ಲ.

ಈಗ ಮೊದಲ ಸಲ ಟ್ಯಾಬ್ ಒತ್ತಿದರೆ "ನೇರ ತಿಂಡಿಗಳ ಪಟ್ಟಿಗೆ ಹೋಗಿ" ಅಂತ ಬರುತ್ತದೆ. ಮೇಲಿನ ಲಿಂಕ್‌ಗಳನ್ನೆಲ್ಲ ಪ್ರತಿ ಪುಟದಲ್ಲೂ ದಾಟಬೇಕಾಗಿಲ್ಲ. ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ಒಂದು ತಲೆಬರಹದಿಂದ ಮುಂದಿನದಕ್ಕೆ, ಬಿ ಒತ್ತಿದರೆ ಮುಂದಿನ ಬಟನ್‌ಗೆ ಹೋಗಬಹುದು. ಪುಟ ಕನ್ನಡದ್ದು ಅಂತ ಒಳಗೆ ಗುರುತು ಹಾಕಿದ್ದೇವೆ, ಕಂಪ್ಯೂಟರಿನಲ್ಲಿ ಕನ್ನಡ ದನಿ ಇದ್ದರೆ ಅದರಲ್ಲೇ ಓದುತ್ತದೆ.

ಟ್ಯಾಬ್ ಒತ್ತಿದಾಗ ನಿಂತ ಜಾಗದ ಸುತ್ತ ಈಗ ಒಂದು ನೀಲಿ ಗೆರೆ ಕಾಣುತ್ತದೆ, ಕೆಲವರು ಬೈದ ಆ ಗೆರೆಯನ್ನು ತೆಗೆಯುವುದಿಲ್ಲ. ಸ್ವಲ್ಪವೂ ಕಾಣದವರಿಗೆ ಅದು ಬೇಕಾಗಿಲ್ಲ, ದನಿ ಇದೆ. ಅರೆಬರೆ ಕಾಣುವವರಿಗೆ ಬೇಕು. ಪುಟವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಮೌಸ್‌ನ ಬಾಣ ಎಲ್ಲೋ ಕಳೆದುಹೋಗುತ್ತದೆ, ಕೀಬೋರ್ಡ್‌ನಲ್ಲಿ ಹೋಗುವಾಗ ತಾವು ಎಲ್ಲಿದ್ದೇವೆ ಅಂತ ಆ ಗೆರೆಯೇ ತೋರಿಸುವುದು. ಕೈ ನಡುಗುವ ನಮ್ಮ ಅಮ್ಮಂದಿರಿಗೂ ಅಷ್ಟೇ. ನಿಮ್ಮ ಮನೆಯಲ್ಲೂ ಇದ್ದಾರೆ ಅಲ್ವಾ?

ನಾವು ದಾನ ಮಾಡುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೂಡ ಡಿಜಿಟಲ್ ಸೇವೆಗಳು ಎಲ್ಲರ ಕೈಗೂ ಸಿಗಬೇಕು, ಅದು ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ನಾವು ತಡ ಮಾಡಿದೆವು, ಅಷ್ಟೇ.

ಒಂದು ಕೊರತೆ ಇನ್ನೂ ಇದೆ. ದುಡ್ಡು ಕಟ್ಟುವ ಪುಟ ನಮ್ಮದಲ್ಲ. ಅಲ್ಲಿ ಒಟಿಪಿ ಹುಡುಕಿ ಹಾಕುವಷ್ಟರಲ್ಲಿ ಸಮಯ ಮುಗಿಯುತ್ತದೆ ಅಂತ ಮೇಷ್ಟ್ರೇ ತೋರಿಸಿದರು. ಅದು ಸರಿಹೋಗುವ ತನಕ ಹಪ್ಪಳ ಮನೆಗೆ ಬಂದ ಮೇಲೆ ದುಡ್ಡು ಕೊಡಬಹುದು, ಯಾರು ಬೇಕಾದರೂ. ಮಂಗಳವಾರ, ಶುಕ್ರವಾರ ಬೆಳಗ್ಗೆ ಫೋನ್ ಆರ್ಡರ್ ಕೂಡ ಮತ್ತೆ ಶುರು ಮಾಡಿದ್ದೇವೆ, ನಂಬರ್ ಹಳೆಯದೇ. ಸೈಟ್‌ನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾವ ಕೀ ಒತ್ತಿದ್ದಿರಿ, ಏನು ಕೇಳಿಸಿತು ಅಂತ ಅದೇ ನಂಬರಿಗೆ ಹೇಳಿ. ಬರೆದಿಟ್ಟುಕೊಂಡು ಸರಿ ಮಾಡುತ್ತೇವೆ.

ಚೌತಿಯ ಆರ್ಡರ್‌ಗಳನ್ನು ಈಗಲೇ ತೆಗೆದುಕೊಳ್ಳುತ್ತಿದ್ದೇವೆ. ಮೊದಲನೆಯದು ಥಾಣೆಯಿಂದ ಬಂತು: ಉದ್ದಿನ ಹಪ್ಪಳ ಎರಡು ಕಟ್ಟು, ಹಲಸಿನದು ಒಂದು.

ನಿಮ್ಮ,
ಹಪ್ಪಳದ ಮನೆಯ ಎಲ್ಲ ಸದಸ್ಯೆಯರು