ಲಂಗರು ಇನ್ನು ಬಂಡೆಯ ಬಳಿ ಇಳಿಯದು: ನಮ್ಮ ಗ್ರಾಹಕರಿಗೆ ಪತ್ರ

ಮಲ್ಪೆ, ಉಡುಪಿ

ಆತ್ಮೀಯ ಗ್ರಾಹಕರೇ,

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದೆ. ಡೈವಿಂಗ್ ಯಾವಾಗ ಶುರು ಎಂದು ಕೇಳಿ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಮುಳುಗು ಬಂಡೆಯ ಬಳಿಗೆ ಹೋಗುವ ನಮ್ಮ ಡೈವಿಂಗ್ ಸಹಕಾರಿಯ ದೋಣಿಯಲ್ಲಿ ಈ ಋತುವಿನಿಂದ ಒಂದು ಸಲಕ್ಕೆ ಹತ್ತು ಜನರ ಬದಲು ನಾಲ್ವರಿಗೆ ಮಾತ್ರ ಜಾಗ. ದೋಣಿ ದೂರದ ಬರೀ ಮರಳಿನಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ಈಜಿಕೊಂಡು ಹೋಗಬೇಕು. ಮೊದಲ ಬಾರಿ ನೀರಿಗಿಳಿಯುವವರನ್ನು ಅಲ್ಲಿಗೆ ಒಯ್ಯುವುದಿಲ್ಲ. ದರವೂ ಹೆಚ್ಚಾಗಿದೆ. ಕಾರಣ ಹೇಳದೆ ಹೆಚ್ಚಿನ ಹಣ ಕೇಳುವುದು ನ್ಯಾಯವಲ್ಲ, ಆದ್ದರಿಂದ ಈ ಪತ್ರ.

ಕಳೆದ ಫೆಬ್ರವರಿಯಲ್ಲಿ ಒಬ್ಬರು ಆ ಬಂಡೆಯ ಬಳಿಯಿಂದ ಅಂಗೈಯಗಲದ ಮಡಕೆಯ ಚೂರೊಂದನ್ನು ಮೇಲೆ ತಂದರು. ಕೆಂಪು ಮಣ್ಣು, ದಪ್ಪ ಕಂಠ. ಒಳಮೈಯಲ್ಲಿ ತಿಗರಿ ತಿರುಗುವಾಗ ಕುಂಬಾರನ ಬೆರಳು ಬಿಟ್ಟ ಗೆರೆಗಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಫೋಟೊ ತೆಗೆದೆವು, ಟವೆಲಿನಲ್ಲಿ ಸುತ್ತಿ ಕಚೇರಿಯ ಮೇಜಿನ ಮೇಲಿಟ್ಟೆವು. ಮೂರನೆಯ ದಿನ ಅದರ ಮೈಮೇಲೆ ಬಿಳಿ ಪುಡಿ ಕಾಣಿಸಿತು. ಎರಡು ವಾರದಲ್ಲಿ ಪದರ ಪದರವಾಗಿ ಎದ್ದು, ಮುಟ್ಟಿದರೆ ಉದುರತೊಡಗಿತು. ಬೆರಳಿನ ಗೆರೆಗಳು ನಮ್ಮ ಕಣ್ಣೆದುರೇ ಹೋದವು. ಕಡಲೊಳಗೆ ಹೀರಿಕೊಂಡ ಉಪ್ಪು ಒಣಗುವಾಗ ಹರಳುಗಟ್ಟಿ ಮಣ್ಣನ್ನು ಒಳಗಿನಿಂದ ಒಡೆಯುತ್ತದೆ. ಅದನ್ನು ಒಣಗಲು ಬಿಡದೆ, ನೀರಿನಲ್ಲೇ ಇಟ್ಟು, ನೀರು ಬದಲಿಸುತ್ತಾ ಉಪ್ಪನ್ನು ನಿಧಾನವಾಗಿ ಬಿಡಿಸಬೇಕಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅದು ಎಲ್ಲಿ, ಹೇಗೆ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂದು ಯಾರೂ ಗುರುತು ಹಾಕಿಕೊಳ್ಳಲಿಲ್ಲ. ಜಾಗ ತಪ್ಪಿದ ಚೂರು ಎಷ್ಟು ಹಳೆಯದಾದರೂ ತನ್ನ ಕಥೆ ಹೇಳಲಾರದು. ತಂದವರ ಮೇಲೆ ನಮಗೆ ಕೋಪವಿಲ್ಲ. ಅವರನ್ನು ತಡೆಯಬೇಕಾಗಿದ್ದವರು ನಾವು.

ಆಮೇಲೆ ದೋಣಿ ನಡೆಸುವ ನಮ್ಮ ತಾಂಡೇಲರನ್ನೂ ಕರೆದುಕೊಂಡು ಆ ಬಂಡೆಯ ಸುತ್ತ ಒಂದು ದಿನ ನಿಧಾನವಾಗಿ ನೋಡಿದೆವು. ಕಲ್ಲಿನ ಮೇಲೆ ಉದ್ದಕ್ಕೆ ಬಿಳಿ ಗೀರುಗಳು. ಕೆಳಗಿನ ಹೂಳಿನಲ್ಲಿ ಉತ್ತ ಸಾಲಿನಂಥ ಗುರುತು. ಎರಡೂ ನಮ್ಮದೇ ಲಂಗರಿನ ಕೆಲಸ. ಹೂಳು ಕಸವೆಂದು ಭಾವಿಸಬೇಡಿ. ಗಾಳಿಯಾಡದ ಹೂಳಿನಡಿಯಲ್ಲಿ ಮರ ನೂರಾರು ವರ್ಷ ಉಳಿಯುತ್ತದೆ, ಏಕೆಂದರೆ ದೋಣಿಯ ಮರ ಕೊರೆಯುವ ಹುಳು ಅಲ್ಲಿ ಬದುಕಲಾರದು. ಲಂಗರು ಕೆದಕಿದರೆ, ಹತ್ತು ಜನ ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಒಟ್ಟಿಗೆ ಬಡಿದರೆ, ಆ ಹೊದಿಕೆ ಸರಿಯುತ್ತದೆ.

ನಮ್ಮ ಕರಾವಳಿಯ ಕಡಲಡಿಯಲ್ಲಿ ಏನಿದ್ದೀತು ಎಂದು ಕೇಳುವವರಿದ್ದಾರೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಕೆಲಸದ ಕಾರ್ಖಾನೆ ನಡೆಸುತ್ತಾ ಯೆಮನ್ನಿನ ಏಡನ್ ಬಂದರಿಗೆ ಸರಕು ಕಳುಹಿಸುತ್ತಿದ್ದ. ಅವನಿಗೆ ಬಂದ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಹಡಗು ಮುಳುಗಿ ಅವನ ಮೆಣಸು ಕಡಲುಪಾಲಾದ ಸುದ್ದಿ ಅವುಗಳಲ್ಲಿದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಬಾರ್ಕೂರನ್ನೂ ಮಂಗಳೂರನ್ನೂ ಕಂಡವನು. ಬಸ್ರೂರಿನ ಅಕ್ಕಿ ಹಡಗೇರಿ ಹೋಗುತ್ತಿತ್ತು. ಇಷ್ಟು ಹಡಗುಗಳು ಓಡಾಡಿದ ದಾರಿಯಲ್ಲಿ ಎಲ್ಲವೂ ದಡ ಸೇರಿರುವುದಿಲ್ಲ. ಗೋವಾದ ಸುಂಚಿ ರೀಫ್ ಬಳಿ 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರಿಗೆ ಆನೆದಂತ, ನೀರ್ಗುದುರೆಯ ಹಲ್ಲು, ಚೀನಾ ಪಿಂಗಾಣಿ ಸಿಕ್ಕಿವೆ. ದ್ವಾರಕೆಯ ಕಡಲಡಿಯಲ್ಲಿ ಶೋಧಿಸಿ ಕಡಲಡಿಯ ಪುರಾತತ್ವ ವಿದ್ಯೆಗೆ ಭಾರತದಲ್ಲಿ ಬುನಾದಿ ಹಾಕಿದವರು ನಮ್ಮ ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್ ಎಂಬುದನ್ನು ಹೆಮ್ಮೆಯಿಂದ ನೆನೆಯುತ್ತೇವೆ.

ಮೇಲೆತ್ತಿ ಮ್ಯೂಸಿಯಂನಲ್ಲಿ ಇಡಬಾರದೇ ಎಂದು ಕೆಲವರು ಕೇಳಿದ್ದೀರಿ. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಎತ್ತಿದ ಬಳಿಕ ಮರ ಬಿರಿಯದಂತೆ 17 ವರ್ಷ ರಾಸಾಯನಿಕ ದ್ರಾವಣ ಸಿಂಪಡಿಸಬೇಕಾಯಿತು. ನಮ್ಮಲ್ಲಿದ್ದದ್ದು ಒಂದು ಟವೆಲು. ನೀರಿನಡಿಯ ಪರಂಪರೆಯ ಕುರಿತ ಯುನೆಸ್ಕೊದ 2001ರ ಒಪ್ಪಂದವೂ ಇಂಥ ಅವಶೇಷಗಳನ್ನು ಇದ್ದಲ್ಲೇ ಉಳಿಸುವುದನ್ನೇ ಮೊದಲ ಆಯ್ಕೆಯಾಗಿ ಪರಿಗಣಿಸಬೇಕು ಎನ್ನುತ್ತದೆ. ಹಾಗೆಂದು ಜನರನ್ನು ದೂರವಿಡಬೇಕು ಎಂಬ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಗ್ರೀಸಿನ ಪೆರಿಸ್ಟೆರಾ ದ್ವೀಪದ ಬಳಿ ಎರಡು ಸಾವಿರ ವರ್ಷಕ್ಕೂ ಹಳೆಯ ಹಡಗಿನ ಹೂಜಿಗಳ ರಾಶಿಯನ್ನು 2020ರಿಂದ ಮಾರ್ಗದರ್ಶಕರ ಜೊತೆಯಲ್ಲಿ ಡೈವರ್‌ಗಳು ನೋಡಿ ಬರುತ್ತಿದ್ದಾರೆ. ಕಣ್ಣಾರೆ ಕಂಡವರಿಗೇ ಅದರ ಮೇಲೆ ಮಮತೆ ಹುಟ್ಟುತ್ತದೆ. ನಮಗೂ ಹಾಗೆಯೇ ಹುಟ್ಟಿದ್ದು.

ನೀರಿನಡಿಯಲ್ಲಿ ಏನು ಕಂಡರೂ ಮುಟ್ಟಬೇಡಿ, ನಮ್ಮ ಮಾರ್ಗದರ್ಶಕರಿಗೆ ಕೈಸನ್ನೆ ಮಾಡಿ. ಅವರು ಫೋಟೊ ತೆಗೆದು ಜಾಗ ಬರೆದುಕೊಳ್ಳುತ್ತಾರೆ. ಆ ವಿವರ ಪುರಾತತ್ವ ಇಲಾಖೆಗೆ ಹೋಗುತ್ತದೆ. ನೂರು ವರ್ಷ ತುಂಬಿದ ಇಂಥ ವಸ್ತು 1972ರ ಕಾನೂನಿನ ಪ್ರಕಾರ ಪುರಾವಸ್ತು. ಕೈಗವಸಿಗೂ ಅವಕಾಶವಿಲ್ಲ, ಏಕೆಂದರೆ ಕೈಗವಸು ತೊಟ್ಟ ಕೈ ಯೋಚಿಸದೆ ಕಲ್ಲು ಹಿಡಿಯುತ್ತದೆ.

ಹೊಸಬರು ಬೇಸರಿಸಬೇಡಿ. ನಿಮಗಾಗಿ ಬೇರೆ ಕಡೆ, ಮೀನು ಚೆನ್ನಾಗಿ ಕಾಣುವ ಆಳ ಕಡಿಮೆಯ ಜಾಗಕ್ಕೆ ಹಳೆಯ ದರದಲ್ಲೇ ದೋಣಿ ಹೊರಡುತ್ತದೆ. ಈಗಾಗಲೇ ಮುಂಗಡ ಕೊಟ್ಟವರು ದಿನ ಬದಲಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಹಣ ಹಿಂದಕ್ಕೆ ಪಡೆಯಬಹುದು. ಹಿಂದಿನ ವರ್ಷಗಳಲ್ಲಿ ಅಲ್ಲಿಂದ ಏನಾದರೂ ಮನೆಗೆ ಒಯ್ದಿದ್ದರೆ ದಯವಿಟ್ಟು ನಮಗೆ ತಿಳಿಸಿ. ಯಾವ ದಿನ, ಬಂಡೆಯ ಯಾವ ಮಗ್ಗುಲು ಎಂಬ ನೆನಪಿದ್ದರೆ ಅದನ್ನೂ ಬರೆದು ಕಳುಹಿಸಿ.

ಇಂತಿ,
ಸಹಕಾರಿಯ ಸದಸ್ಯರೆಲ್ಲರ ಪರವಾಗಿ,
ಕಾರ್ಯದರ್ಶಿ