ಬಾಂಡಿನ ಇವತ್ತಿನ ಬೆಲೆಯನ್ನೂ ತೋರಿಸಲಿ

ಸಂಪಾದಕರಿಗೆ ನಮಸ್ಕಾರ.

ಬ್ಯಾಂಕ್ ಮುಳುಗಿತು ಅಂದರೆ ಸಾಲ ತಗೊಂಡವರು ಕಟ್ಟಲಿಲ್ಲ ಅಂತಲೇ ಜನ ತಿಳಿದುಕೊಳ್ಳುತ್ತಾರೆ. ಬ್ಯಾಂಕೊಂದರ ಹೂಡಿಕೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದು ಪೈಸೆಯೂ ಮುಳುಗದ ಬಾಂಡ್ (ಸರ್ಕಾರದಂಥವರು ಸಾಲ ತಗೊಂಡು ಕೊಡುವ ಪತ್ರ) ಇಟ್ಟುಕೊಂಡೂ ಬ್ಯಾಂಕ್ ಮುಳುಗಬಹುದು.

ಬಡ್ಡಿದರ ಏರಿದರೆ ಹಳೆ ಬಾಂಡಿನ ಬೆಲೆ ಇಳಿಯುತ್ತದೆ; ಹೊಸದಕ್ಕೆ ಜಾಸ್ತಿ ಬಡ್ಡಿ ಸಿಗುವಾಗ ಹಳೆಯದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. 2020ರಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡಿಗೆ ಶೇ 6ರ ಆಸುಪಾಸು ಬಡ್ಡಿ ಇತ್ತು. 2022ರ ಜೂನ್ ಹೊತ್ತಿಗೆ ಅದು ಶೇ 7.5ರ ಹತ್ತಿರ ಹೋಯಿತು. ಶೇ 6 ಬಡ್ಡಿಯ, ಹತ್ತು ವರ್ಷ ಬಾಕಿ ಇರುವ 100 ರೂಪಾಯಿ ಬಾಂಡನ್ನು ಆ ಹೊತ್ತಿಗೆ ಮಾರಿದರೆ ಸಿಗೋದು ಹೆಚ್ಚುಕಡಿಮೆ 90. ಇಟ್ಟುಕೊಂಡರೆ ಕೊನೆಗೆ ಪೂರ್ತಿ 100 ಬರುತ್ತದೆ. ಈಗ ಈ 10 ರೂಪಾಯಿಯನ್ನು ನಷ್ಟ ಅಂತ ಬರೆಯಬೇಕಾ, ಬೇಡವಾ? ಮಾರಾಟದ ಖಾನೆಯಲ್ಲಿದ್ದರೆ ಬರೆಯಬೇಕು. ಅವಧಿ ಮುಗಿಯೋವರೆಗೆ ಇಟ್ಟುಕೊಳ್ಳುತ್ತೇವೆ ಅಂತ ಎಚ್‌ಟಿಎಂ ಖಾನೆಗೆ ಹಾಕಿದ್ದರೆ ಬೇಡ. ಬಾಂಡ್ ಅದೇ, ಬೆಲೆಯೂ ಅದೇ.

ಮಾರ್ಚ್ 31ರ ಸಂಜೆ ನಾವು ಫಿಮ್ಡಾ (ಬಾಂಡ್ ವ್ಯಾಪಾರ ಮಾಡುವ ಸಂಸ್ಥೆಗಳ ಸಂಘ) ದರಪಟ್ಟಿಗಾಗಿ ಕಾದು ಕೂರುತ್ತಿದ್ದೆವು. ಪಟ್ಟಿ ಬಂದ ಮೇಲೇ ಲಾಭವೋ ನಷ್ಟವೋ ಗೊತ್ತಾಗುತ್ತಿದ್ದದ್ದು. ಏಪ್ರಿಲ್‌ನಲ್ಲಿ ಖಾನೆ ಬದಲಿಸಲು ವರ್ಷಕ್ಕೊಮ್ಮೆ ಅವಕಾಶ. ಅವತ್ತಿನವರೆಗಿನ ನಷ್ಟ ಬರೆದು ಎಚ್‌ಟಿಎಂಗೆ ದಾಟಿಸಿಬಿಟ್ಟರೆ ಆಮೇಲೆ ದರ ಎಷ್ಟೇ ಏರಲಿ, ಮೇಲಿನವರಿಗೆ ನಿಶ್ಚಿಂತೆ. 2024ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳಿಗೆ ಇದು ಸುಲಭವಿಲ್ಲ. ಆಡಳಿತ ಮಂಡಳಿ ಒಪ್ಪಿದರೆ ಸಾಲದು, ರಿಸರ್ವ್ ಬ್ಯಾಂಕಿನ ಅನುಮತಿಯೂ ಮೊದಲೇ ಬೇಕು. ಒಳ್ಳೆಯದೇ ಆಯಿತು. ಆದರೆ ಅದೇ ನಿಯಮ ಎಚ್‌ಟಿಎಂಗೆ ಎಷ್ಟು ಹಾಕಬಹುದು ಅಂತ ಇದ್ದ ಮಿತಿಯನ್ನು ತೆಗೆದುಹಾಕಿತು. ಅದು ನನಗೆ ಅಷ್ಟು ಸರಿ ಕಾಣಲಿಲ್ಲ.

ಯಾಕೆ ಅಂದರೆ, ಕೊನೇವರೆಗೆ ಇಟ್ಟುಕೊಳ್ಳುತ್ತೇವೆ ಅನ್ನೋದು ಬ್ಯಾಂಕಿನ ಕೈಯಲ್ಲಿ ಇಲ್ಲ. ಅದು ಠೇವಣಿದಾರರ ಕೈಯಲ್ಲಿದೆ. ಅವರೆಲ್ಲ ಒಟ್ಟಿಗೆ ಹಣ ಕೇಳಿದರೆ ಬಾಂಡ್ ಮಾರಲೇಬೇಕಾಗುತ್ತದೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2022ರ ಕೊನೆಗೆ ಎಚ್‌ಟಿಎಂನಲ್ಲಿ ಸುಮಾರು 9,100 ಕೋಟಿ ಡಾಲರ್ ತೋರಿಸಿತ್ತು. ಮಾರುಕಟ್ಟೆಯಲ್ಲಿ ಅದರ ಬೆಲೆ ಸುಮಾರು 7,600 ಕೋಟಿ. ನಡುವಿನ 1,500 ಕೋಟಿ ಅಂದರೆ ಬ್ಯಾಂಕಿನ ಹೆಚ್ಚುಕಡಿಮೆ ಇಡೀ ಸ್ವಂತ ಬಂಡವಾಳ! ಎರಡೂ ಅಂಕಿ ವಾರ್ಷಿಕ ವರದಿಯಲ್ಲೇ ಅಚ್ಚಾಗಿದ್ದವು. 2023ರ ಮಾರ್ಚ್ 8ರಂದು ಬ್ಯಾಂಕು ಇನ್ನೊಂದು ಖಾನೆಯ ಬಾಂಡ್ ಮಾರಿ 180 ಕೋಟಿ ಡಾಲರ್ ನಷ್ಟ ಆಯಿತು ಅಂತ ಹೇಳಿತು. ಮರುದಿನ ಒಂದೇ ದಿನಕ್ಕೆ ಜನ 4,200 ಕೋಟಿ ಡಾಲರ್ ತೆಗೆದುಕೊಂಡರು. 10ನೇ ತಾರೀಖು ಬಾಗಿಲು ಮುಚ್ಚಿತು.

ಹಾಗಂತ ಎಲ್ಲವನ್ನೂ ದಿನದಿನದ ಬೆಲೆಗೇ ಬರೆಯಬೇಕು ಅನ್ನೋ ವಾದವೂ ನನಗೆ ಒಪ್ಪಿಗೆ ಇಲ್ಲ. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ಒಬ್ಬರು ಗತಿಯಿಲ್ಲದೆ ಅಗ್ಗಕ್ಕೆ ಮಾರಿದರೆ ಉಳಿದವರೂ ಅದೇ ಬೆಲೆಗೆ ಲೆಕ್ಕ ಬರೆಯಬೇಕಾಗಿ ಬಂಡವಾಳ ಕರಗುತ್ತಿತ್ತು. ಆ ಅಕ್ಟೋಬರ್‌ನಲ್ಲೇ ಅಂತರರಾಷ್ಟ್ರೀಯ ಲೆಕ್ಕಪತ್ರ ಮಂಡಳಿ ನಿಯಮ ಸಡಿಲಿಸಿತು. ಎಚ್‌ಟಿಎಂ ಇರಲಿ.

ನಾನು ಕೇಳೋದು ಇಷ್ಟೇ. ನಮ್ಮ ಪಟ್ಟಣ ಸಹಕಾರ ಬ್ಯಾಂಕುಗಳು ವರದಿ ಪುಸ್ತಕದಲ್ಲಿ 'ಹೂಡಿಕೆಗಳು' ಅನ್ನೋ ಸಾಲಿನ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಲಿ: ಮಾರ್ಚ್ 31ಕ್ಕೆ ಇವನ್ನು ಮಾರಿದ್ದರೆ ಎಷ್ಟು ಬರುತ್ತಿತ್ತು? ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಹಿಂದಿನ ಪುಟದ ಟಿಪ್ಪಣಿಯಲ್ಲಿ ಸಣ್ಣಗೆ ಹಾಕಿದರೆ ಯಾರು ನೋಡುತ್ತಾರೆ? ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಪರ್ಸೆಂಟ್ ಅಂತ ಕೇಳಿ ಸುಮ್ನೆ ಎದ್ದು ಬರುವವರು ಇದನ್ನೂ ಒಂದು ಮಾತು ಕೇಳಲಿ. ಠೇವಣಿ ವಿಮೆ ಇರೋದು 5 ಲಕ್ಷದವರೆಗೆ. ಅದಕ್ಕಿಂತ ಜಾಸ್ತಿ ಇಟ್ಟವರಂತೂ ಕೇಳಲೇಬೇಕು, ಅಲ್ವಾ?

– ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ